ಪ್ರಶ್ನೋತ್ತರ: ಫಾಸ್ಫೋ-ಇಆರ್‌ಕೆ ಬ್ಯಾಂಡ್ ಕೈಕೊಟ್ಟಾಗ

ಪ್ರಶ್ನೆ: ಹೀಲಾ ಕೋಶಗಳಿಗೆ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ಇಜಿಎಫ್ ಎಂಬ ಬೆಳವಣಿಗೆ ಪ್ರಚೋದಕ ಪ್ರೋಟೀನ್ ಕೊಟ್ಟು, ಇಆರ್‌ಕೆ ಎಂಬ ಸಂಕೇತವಾಹಕ ಕಿಣ್ವಕ್ಕೆ ಫಾಸ್ಫೇಟ್ ಕೂತಿದೆಯೇ ಎಂದು ನೋಡಲು ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ವಿಧಾನ) ಮಾಡುತ್ತಿದ್ದೇನೆ. ಟೋಟಲ್ ಇಆರ್‌ಕೆ ಆಂಟಿಬಾಡಿಯಲ್ಲಿ ಬ್ಯಾಂಡ್ ಚೆನ್ನಾಗಿ ಬರುತ್ತದೆ. ಫಾಸ್ಫೇಟ್ ಕೂತ ರೂಪವನ್ನಷ್ಟೇ ಹಿಡಿಯುವ ಫಾಸ್ಫೋ-ಇಆರ್‌ಕೆ ಆಂಟಿಬಾಡಿಯಲ್ಲಿ ಮಾತ್ರ ಒಮ್ಮೆ ಏನೂ ಇಲ್ಲ, ಇನ್ನೊಮ್ಮೆ ಇಜಿಎಫ್ ಕೊಡದ ಲೇನಿನಲ್ಲೂ ಅಷ್ಟೇ ದಪ್ಪ. ಆಂಟಿಬಾಡಿ ಕೆಟ್ಟಿದೆಯೇ?

ಉತ್ತರ: ಆಂಟಿಬಾಡಿಯನ್ನು ಬೈಯುವ ಮೊದಲು ಲೈಸಿಸ್‌ನ (ಕೋಶ ಒಡೆಯುವ ಹಂತದ) ಹಿಂದುಮುಂದಿನ ಹತ್ತು ನಿಮಿಷ ನೋಡಿ. ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಅಲ್ಲೇ ಇರುತ್ತದೆ.

ಇಜಿಎಫ್ ಕೊಡದ ಲೇನೂ ಹೊತ್ತಿಕೊಂಡರೆ ಕೋಶಗಳು ಸೀರಮ್ಮಿನಿಂದ ಮೊದಲೇ ಎಚ್ಚರವಾಗಿವೆ ಎಂದರ್ಥ. ರಾತ್ರಿಯಿಡೀ ಸೀರಮ್ ಇಲ್ಲದ ಮೀಡಿಯಂನಲ್ಲಿಡಿ. ಇಜಿಎಫ್ ಹಾಕುವಾಗ ಮೀಡಿಯಂ ಬದಲಿಸಬೇಡಿ, ಆ ಅಲುಗಾಟಕ್ಕೇ ಇಆರ್‌ಕೆ ಏಳಬಹುದು. ಗಾಢ ಸ್ಟಾಕ್‌ನಿಂದ ಕೆಲವು ಮೈಕ್ರೋಲೀಟರ್ ತೆಗೆದು, ಮಿಲಿಲೀಟರಿಗೆ 100 ನ್ಯಾನೋಗ್ರಾಂ ಆಗುವಂತೆ ಸೇರಿಸಿ. ಕಂಟ್ರೋಲ್ ತಟ್ಟೆಗೂ ಅಷ್ಟೇ ಬಫರ್ ಹಾಕಿ. ಸಿಗ್ನಲ್ 5ರಿಂದ 10 ನಿಮಿಷದಲ್ಲಿ ತುದಿ ಮುಟ್ಟುತ್ತದೆ. ಒಂದು ಗಂಟೆ ಕಾದರೆ ಬಹುಪಾಲು ಇಳಿದುಹೋಗಿರುತ್ತದೆ.

ಏನೂ ಕಾಣದಿದ್ದರೆ ಫಾಸ್ಫೇಟ್ ಕಳಚುವ ಕಿಣ್ವಗಳಾದ ಫಾಸ್ಫಟೇಸ್‌ಗಳ ಮೇಲೆ ಅನುಮಾನ. ಇಆರ್‌ಕೆ1ರಲ್ಲಿ ಥ್ರಿಯೋನಿನ್ 202, ಟೈರೋಸಿನ್ 204 ಎರಡಕ್ಕೂ ಫಾಸ್ಫೇಟ್ ಕೂರಬೇಕು. ಎರಡನ್ನೂ ಒಟ್ಟಿಗೆ ಗುರುತಿಸುವ ಆಂಟಿಬಾಡಿಯಾದರೆ ಒಂದು ಕಳಚಿದರೂ ಬ್ಯಾಂಡ್ ಮಂಕಾಗುತ್ತದೆ. ಆದ್ದರಿಂದ ಫಾಸ್ಫಟೇಸ್‌ಗಳನ್ನು ತಡೆಯಲು ಲೈಸಿಸ್ ಬಫರಿಗೆ ಟೈರೋಸಿನ್ ಕಡೆಗೆ 1 ಮಿಲಿಮೋಲಾರ್ ಸೋಡಿಯಂ ಆರ್ಥೊವನಡೇಟ್, ಥ್ರಿಯೋನಿನ್ ಕಡೆಗೆ 10 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್ ಬೇಕು. ವನಡೇಟ್ ಸ್ಟಾಕ್ ಹಳದಿಯಾಗಿದ್ದರೆ ಕೆಲಸ ಮಾಡದು. ಪಿಎಚ್ 10ಕ್ಕೆ ತಂದು, ಬಣ್ಣ ಹೋಗುವವರೆಗೆ ಕುದಿಸಿ, ತಣಿಸಿ, ಪಿಎಚ್ ಮತ್ತೆ ನೋಡಿ. ಹಳದಿ ಮತ್ತೆ ಬಾರದಂತಾಗುವವರೆಗೂ ಇದೇ ಪಾಠ. ಬಫರಿನಲ್ಲಿ ಸೇರಿಸುವ ಇಡಿಟಿಎ, ಡಿಟಿಟಿ ಎರಡೂ ವನಡೇಟಿನ ಬಲ ಕುಂದಿಸುತ್ತವೆ ಎಂಬುದನ್ನು ಅನೇಕರು ಮರೆಯುತ್ತಾರೆ. ಇಷ್ಟೆಲ್ಲ ಗೊಡವೆ ಬೇಡವೆಂದರೆ, ಮೀಡಿಯಂ ಸುರಿದ ತಕ್ಷಣ ಬಿಸಿ ಎಸ್‌ಡಿಎಸ್ ಸ್ಯಾಂಪಲ್ ಬಫರ್ ಹಾಕಿ ಕೆರೆದು, 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿ. ನಮ್ಮ ಮತ ಇದಕ್ಕೇ. ಲೋಳೆಯಾದರೆ ಸೋನಿಕೇಟ್ ಮಾಡಿದರಾಯಿತು (ಶಬ್ದತರಂಗದಿಂದ ಒಡೆಯುವುದು).

ಬ್ಲಾಕಿಂಗಿಗೆ (ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ಬ್ಲಾಟನ್ನು ಮುಚ್ಚುವುದಕ್ಕೆ) ಹಾಲಿನ ಪುಡಿ ಬಳಸುತ್ತಿದ್ದರೆ ಒಮ್ಮೆ 5% ಬಿಎಸ್‌ಎಗೆ (ದನದ ಸೀರಮ್ ಆಲ್ಬುಮಿನ್) ಬದಲಿಸಿ ನೋಡಿ. ಹಾಲಿನ ಕೇಸೀನ್ ತಾನೇ ಫಾಸ್ಫೋಪ್ರೋಟೀನ್, ಹಿನ್ನೆಲೆ ಕಪ್ಪಾಗಬಹುದು. ಪ್ರೈಮರಿ ಆಂಟಿಬಾಡಿಯನ್ನು (ಇಆರ್‌ಕೆಯನ್ನು ನೇರ ಹಿಡಿಯುವುದು) 1:1000ರಿಂದ ಶುರುಮಾಡಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ.

ಆಂಟಿಬಾಡಿಯನ್ನೇ ಪರೀಕ್ಷಿಸಬೇಕೆಂದರೆ ಇನ್ನೊಂದು ತಟ್ಟೆಗೆ ಇಜಿಎಫ್‌ಗೆ ಅರ್ಧ ಗಂಟೆ ಮುಂಚೆ 10 ಮೈಕ್ರೋಮೋಲಾರ್ ಯು0126 ಕೊಡಿ. ಅದು ಇಆರ್‌ಕೆಗೆ ಫಾಸ್ಫೇಟ್ ಹಚ್ಚುವ ಮೆಕ್ ಕೈನೇಸನ್ನು ತಡೆಯುತ್ತದೆ. ಆಗಲೂ ಬ್ಯಾಂಡ್ ಹಾಗೇ ಉಳಿದರೆ ಆಂಟಿಬಾಡಿ ಬೇರೇನನ್ನೋ ಹಿಡಿಯುತ್ತಿದೆ.

ಪ್ರಶ್ನೆ: ಒಂದರ ಬದಲು ಎರಡು ಬ್ಯಾಂಡ್ ಬಂದಿವೆ. ಯಾವುದು ಸರಿ?

ಉತ್ತರ: ಎರಡೂ. 44 ಕಿಲೋಡಾಲ್ಟನ್‌ದು ಇಆರ್‌ಕೆ1, 42ರದು ಇಆರ್‌ಕೆ2. ಬೆರೆತು ಒಂದೇ ಪಟ್ಟಿಯಾಗಿ ಕಂಡರೆ ಜೆಲ್ ಇನ್ನಷ್ಟು ಹೊತ್ತು ಓಡಲಿ.