ಶಾಲೆಯಲ್ಲಿ ಸಾಧು, ಮನೆಗೆ ಬಂದರೆ ರಂಪ

ಪ್ರಶ್ನೆ: ಮಗನಿಗೆ 7 ವರ್ಷ. ಶಾಲೆಯಲ್ಲಿ ತುಂಬಾ ಸಾಧು ಅಂತಾರೆ ಟೀಚರ್. ಮನೆಗೆ ಬಂದ ಅರ್ಧ ಗಂಟೆಯಲ್ಲೇ ಕಿರುಚಾಟ, ಬ್ಯಾಗ್ ಎಸೆಯುವುದು, ತಂಗಿಗೆ ಹೊಡೆಯುವುದು ಶುರು. ಮೊಬೈಲ್ ಕೊಟ್ಟರೆ ಮಾತ್ರ ಸುಮ್ಮನಾಗುತ್ತಾನೆ. ‘ಮುದ್ದು ಮಾಡಿ ಕೆಡಿಸಿದ್ದೀಯ, ನಾಲ್ಕು ಬಿಗಿದರೆ ಸರಿಹೋಗ್ತಾನೆ’ ಎನ್ನುತ್ತಾರೆ ಪತಿ. ಅವನೆದುರೇ ನಮ್ಮಿಬ್ಬರಿಗೂ ಜಗಳವಾಗುತ್ತದೆ. ಏನು ಮಾಡಲಿ?

ಉತ್ತರ: ಶಾಲೆಯಲ್ಲಿ ತುಂಬಾ ಸಾಧು ಎಂದು ಬರೆದಿದ್ದೀರಲ್ಲ, ದೊಡ್ಡ ಸುಳಿವು ಅಲ್ಲೇ ಇದೆ. ದಿನವಿಡೀ ಸದ್ದುಗದ್ದಲದ ನಡುವೆ ಅಳು, ಸಿಟ್ಟು, ಹಸಿವು ಎಲ್ಲವನ್ನೂ ತಡೆದುಕೊಂಡು ಕೂರುವ ಮಗು ಮನೆ ಸೇರುವ ಹೊತ್ತಿಗೆ ಪೂರಾ ದಣಿದಿರುತ್ತದೆ. ಭಯವಿಲ್ಲದ ಜಾಗದಲ್ಲಿ ಅದು ಸಿಡಿಯುತ್ತದೆ. ಹಾಗಂತ ತಂಗಿ ಪೆಟ್ಟು ತಿನ್ನಬೇಕಿಲ್ಲ.

ಬಂದ ಕೂಡಲೇ ತಿಂಡಿ, ನೀರು ಕೊಡಿ. ಮುಂದಿನ 20–30 ನಿಮಿಷ ಪ್ರಶ್ನೆ ಬೇಡ. ‘ಇವತ್ತು ಏನಾಯ್ತು, ಹೋಂವರ್ಕ್ ಎಷ್ಟಿದೆ’ ಕೂಡ ಬೇಡ. ಆ ಹೊತ್ತಿನಲ್ಲಿ ತಂಗಿ ಬೇರೆ ಕೋಣೆಯಲ್ಲಿ ಆಡಿಕೊಂಡಿರಲಿ. ಓಡುವ, ಜಿಗಿಯುವ ಆಟಕ್ಕೆ ಅವಕಾಶವಿದ್ದರೆ ಇನ್ನೂ ಒಳ್ಳೆಯದು. ನಿದ್ದೆಯ ಲೆಕ್ಕವನ್ನೂ ನೋಡಿ: ಈ ವಯಸ್ಸಿಗೆ ದಿನಕ್ಕೆ 9ರಿಂದ 12 ಗಂಟೆ ಬೇಕು. ರಾತ್ರಿ ಹನ್ನೊಂದಕ್ಕೆ ಮಲಗಿ ಆರಕ್ಕೆ ಏಳುವ ಮಗುವಿಗೆ ಯಾವ ಉಪಾಯವೂ ನಾಟುವುದಿಲ್ಲ.

ರಂಪ ಶುರುವಾದ ಮೇಲೆ ಬುದ್ಧಿ ಹೇಳಬೇಡಿ, ಆಗ ಅದು ತಲೆಗೆ ಇಳಿಯುವುದಿಲ್ಲ. ಅವನ ಎತ್ತರಕ್ಕೆ ಕುಳಿತು, ದನಿ ತಗ್ಗಿಸಿ, ಎರಡೇ ಮಾತು: ‘ನಿನಗೆ ತುಂಬಾ ಸಿಟ್ಟು ಬಂದಿದೆ. ಹೊಡೆಯೋಕೆ ನಾನು ಬಿಡಲ್ಲ.’ ಕೈ ಎತ್ತಿದರೆ ತಡೆದು ಹಿಡಿಯಿರಿ, ತಂಗಿಯನ್ನು ದೂರ ಕಳಿಸಿ, ಮತ್ತೆ ಸುಮ್ಮನಿರಿ. ಪೂರ್ತಿ ತಣ್ಣಗಾದ ಮೇಲೆ, ಬೇಕಾದರೆ ಒಂದು ಗಂಟೆ ಬಿಟ್ಟು, ಏನಾಯಿತೆಂದು ಮಾತಾಡಿ. ಎಸೆದ ಬ್ಯಾಗನ್ನು ಅವನೇ ಎತ್ತಿಡಲಿ. ತಂಗಿಗೆ ಏನು ಮಾಡಿದರೆ ಸಮಾಧಾನವಾದೀತು ಎಂದು ಅವನನ್ನೇ ಕೇಳಿ. ಬಲವಂತದ ‘ಸಾರಿ’ಯಿಂದ ಪ್ರಯೋಜನ ಕಡಿಮೆ. ಮೂರು ಎಣಿಸುತ್ತಾ ಉಸಿರೆಳೆದು, ಐದು ಎಣಿಸುತ್ತಾ ಬಿಡುವ ಅಭ್ಯಾಸವನ್ನು ಮಲಗುವ ಮುನ್ನ ಆಟದಂತೆ ಕಲಿಸಿ. ಕಿರುಚುವಾಗ ಮೊದಲ ಬಾರಿಗೆ ‘ಉಸಿರೆಳಿ’ ಎಂದರೆ ಸಿಟ್ಟು ನೆತ್ತಿಗೇರುತ್ತದೆ, ಅಷ್ಟೇ.

ಹೆಚ್ಚಿನ ಮನೆಗಳು ಎಡವುವುದು ಮೊಬೈಲ್ ವಿಷಯದಲ್ಲಿ. ಕಿರುಚಿದರೆ ಮೊಬೈಲ್ ಸಿಗುತ್ತದೆ ಎಂದು ಅವನು ಕಲಿತಾಗಿದೆ. ನೀವು ಕೊಡುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ಕಿರುಚಾಟ ಜಾಸ್ತಿಯೇ ಆಗುತ್ತದೆ. ‘ಈ ಉಪಾಯ ಫಲಿಸಲಿಲ್ಲ’ ಎಂದು ನಾಲ್ಕನೇ ದಿನ ಸೋತು ಕೊಟ್ಟಿರೋ, ಇನ್ನಷ್ಟು ಹೊತ್ತು ಕಿರುಚಬೇಕೆಂಬ ಪಾಠವಾಗುತ್ತದೆ. ಪೂರ್ತಿ ನಿಷೇಧ ಬೇಡ. ದಿನದ ಒಂದು ನಿಗದಿತ ವೇಳೆಗೆ, ರಂಪವಾಗಲಿ ಬಿಡಲಿ, ಅಷ್ಟೇ ಹೊತ್ತು ಕೊಡಿ. ಮುಗಿಯಲು 5 ನಿಮಿಷ ಇರುವಾಗ ಒಮ್ಮೆ ಎಚ್ಚರಿಸಿ.

ಜೊತೆಗೆ ದಿನಕ್ಕೆ 10 ನಿಮಿಷ ಅವನೊಬ್ಬನಿಗೇ ಮೀಸಲಿಡಿ. ಆಟ ಅವನ ಆಯ್ಕೆ. ನೀವು ತಿದ್ದಬಾರದು, ಕಲಿಸಬಾರದು, ಫೋನ್ ಮುಟ್ಟಬಾರದು. ಅಂದು ಅವನು ತಪ್ಪು ಮಾಡಿದ್ದರೂ ಇದನ್ನು ರದ್ದು ಮಾಡಬೇಡಿ. ತಂಗಿಗೂ ಬೇರೆ 10 ನಿಮಿಷ ಸಿಗಲಿ, ಇಲ್ಲದಿದ್ದರೆ ಹೊಸ ಜಗಳ.

ಪತಿಯ ಮಾತಿಗೆ ಬರೋಣ. ಹೊಡೆತಕ್ಕೆ ಮಗು ಆ ಕ್ಷಣ ಸುಮ್ಮನಾಗುವುದು ನಿಜ, ಅದಕ್ಕೇ ಅದು ಫಲಿಸಿತು ಅನ್ನಿಸುತ್ತದೆ. ಆದರೆ ದೊಡ್ಡವರು ಚಿಕ್ಕವರಿಗೆ ಹೊಡೆಯಬಹುದು ಎಂದೇ ಅವನು ಕಲಿಯುವುದು, ಮತ್ತು ಅವನಿಗಿಂತ ಚಿಕ್ಕವಳು ಮನೆಯಲ್ಲಿದ್ದಾಳೆ. ಇದನ್ನು ಮಕ್ಕಳು ಮಲಗಿದ ಮೇಲೆ ಪತಿಗೆ ಹೇಳಿ. ‘ನೀವೇ ಸರಿಯಿಲ್ಲ’ ಎಂದು ಶುರುಮಾಡಬೇಡಿ. ಮಗ ತಂಗಿಗೆ ಹೊಡೆದರೆ ಏನು ಮಾಡುವುದು, ಮೊಬೈಲ್ ಕೇಳಿದರೆ ಏನು ಮಾಡುವುದು ಎಂಬ ಎರಡಕ್ಕೆ ಮಾತ್ರ ಇಬ್ಬರೂ ಒಂದೇ ಉತ್ತರ ಒಪ್ಪಿಕೊಳ್ಳಿ. ಮಗನೆದುರು ಜಗಳವಾಗಿ ಹೋದರೆ, ರಾಜಿಯಾದದ್ದೂ ಅವನ ಕಣ್ಣಿಗೆ ಬೀಳಲಿ. ಜಗಳ ತನ್ನಿಂದಲ್ಲ ಎಂದು ಅವನಿಗೆ ಬಾಯಿಬಿಟ್ಟು ಹೇಳಿ.

ಟೀಚರ್ ಹತ್ತಿರ ನಡತೆ ಬಿಟ್ಟು ಬೇರೆ ವಿಚಾರಿಸಿ: ಊಟ ಖಾಲಿ ಮಾಡುತ್ತಾನಾ, ಶೌಚಾಲಯಕ್ಕೆ ಹೋಗುತ್ತಾನಾ, ಬಿಡುವಿನಲ್ಲಿ ಯಾರ ಜೊತೆ ಇರುತ್ತಾನೆ, ಬೋರ್ಡ್ ಕಾಣುತ್ತದಾ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಆಟವೇ ಬೇಡವೆಂದರೆ, ಶಾಲೆಗೆ ಹೋಗಲೊಲ್ಲೆನೆಂದರೆ, ನಾಲ್ಕಾರು ವಾರ ಹೀಗೆ ನಡೆದುಕೊಂಡೂ ಬದಲಾವಣೆ ಕಾಣದಿದ್ದರೆ ಮಕ್ಕಳ ವೈದ್ಯರನ್ನು ನೋಡಿ. ಯಾರೋ ಹೆದರಿಸುತ್ತಿದ್ದಾರೆ, ಮುಟ್ಟುತ್ತಿದ್ದಾರೆ ಎಂದರೆ ಅಥವಾ ‘ನಾನು ಸಾಯಬೇಕು’ ಎಂದರೆ ಕಾಯಬೇಡಿ, ಅಂದೇ ಹೋಗಿ.