ನಾಲ್ಕನೇ ವರ್ಷವೂ ಶೇಂಗಾ ಮಿಲ್ಲಿನ ಲೆಕ್ಕವೂ

ಚಳ್ಳಕೆರೆಯ ಓದುಗರೊಬ್ಬರು ಬರೆದಿದ್ದಾರೆ: "ಮಗಳು 2023ರಲ್ಲಿ ದಾವಣಗೆರೆಯಲ್ಲಿ ಬಿ.ಎ.ಗೆ ಸೇರಿದಳು. ಅರ್ಥಶಾಸ್ತ್ರ. ಆರು ಸೆಮಿಸ್ಟರ್ ಮುಗಿದಿವೆ, ಶೇ 78 ಬಂದಿದೆ. ಜೊತೆಯವರೆಲ್ಲ ಬಿ.ಎಡ್.ಗೆ ಹೊರಟಿದ್ದಾರೆ. ಇವಳು ಇನ್ನೊಂದು ವರ್ಷ ಓದಿ ಆನರ್ಸ್ ಮುಗಿಸುತ್ತೇನೆ ಅಂತಾಳೆ. ಏನೋ ಪ್ರಬಂಧ ಬರೀಬೇಕಂತೆ. ನಾನು ಶೇಂಗಾ ಎಣ್ಣೆ ಮಿಲ್ಲಲ್ಲಿ ಲೆಕ್ಕ ಬರೆಯುತ್ತಿದ್ದವನು. ಮಿಲ್ಲು ಮುಚ್ಚಿ ವರ್ಷಗಳಾದವು. ಈ ಒಂದು ವರ್ಷ ದಂಡ ಅಲ್ವಾ?"

ಪ್ರಿಯರೇ,

ಮಗಳಿಗೆ ಹೈಸ್ಕೂಲ್ ಟೀಚರ್ ಆಗುವ ಆಸೆ ಇದ್ದರೆ ಹೌದು, ದಂಡವೇ. ಬಿ.ಎಡ್.ಗೆ ಮೂರು ವರ್ಷದ ಪದವಿ ಸಾಕು. ಎಂ.ಎ. ಮಾಡುವ ಮನಸ್ಸಿದ್ದರೆ ಲೆಕ್ಕ ಬೇರೆ. ಮೂರು ವರ್ಷದ ಪದವಿ, ಎರಡು ವರ್ಷದ ಎಂ.ಎ. ಸೇರಿ ಐದು. ನಾಲ್ಕು ವರ್ಷದ ಆನರ್ಸ್, ಒಂದು ವರ್ಷದ ಎಂ.ಎ. ಸೇರಿದರೂ ಐದೇ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2024ರಲ್ಲಿ ಇದಕ್ಕೆ ದಾರಿ ಮಾಡಿದೆ. ಆದರೆ ಆ ಒಂದು ವರ್ಷದ ಎಂ.ಎ. ಅವಳು ಸೇರಬೇಕೆಂದಿರುವ ಕಡೆ ಇದೆಯಾ ಅಂತ ಈಗಲೇ ವಿಚಾರಿಸಿ. ಆಮೇಲೆ ಕೇಳಿ ಪ್ರಯೋಜನವಿಲ್ಲ.

ಇನ್ನೊಂದು ಮಾತು. ನಮ್ಮ ರಾಜ್ಯ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನಾಲ್ಕನೇ ವರ್ಷದ ಬಾಗಿಲು ತೆರೆದಿರುವುದು ಅದಕ್ಕೂ ಮೊದಲು ಸೇರಿದವರಿಗೆ ಮಾತ್ರ. ನಿಮ್ಮ ಮಗಳದೇ ಕೊನೆಯ ತಂಡ. ತಂಡ ಚಿಕ್ಕದಾದರೆ ಕಾಲೇಜಿಗೂ ಉತ್ಸಾಹ ಕಮ್ಮಿ. ಹಾಗಾಗಿ ತರಗತಿ ನಡೆಯುತ್ತಾ, ಪ್ರಬಂಧಕ್ಕೆ ಗೈಡ್ ಯಾರು ಅಂತ ಸೇರುವ ಮೊದಲೇ ಕೇಳಿಕೊಳ್ಳಲಿ. ಹಿಂದಿನ ಸೆಮಿಸ್ಟರುಗಳಲ್ಲಿ ಪಾಸಾದ ಪೇಪರುಗಳ ಕ್ರೆಡಿಟ್ ಎಲ್ಲ ಎಬಿಸಿ ಖಾತೆಗೆ, ಅಂದರೆ ಕ್ರೆಡಿಟ್ ಜಮೆಯಾಗುವ ಆನ್‌ಲೈನ್ ಖಾತೆಗೆ, ಬಂದಿವೆಯಾ ಅಂತಲೂ ನೋಡಲಿ. ಯುಜಿಸಿ ಚೌಕಟ್ಟಿನಲ್ಲಿ ನಾಲ್ಕು ವರ್ಷಕ್ಕೆ ಕನಿಷ್ಠ 160 ಕ್ರೆಡಿಟ್ ಬೇಕು. ಒಂದು ಪೇಪರ್ ಬಾಕಿ ಉಳಿದರೂ ಕೊನೆಗೆ ಕಚೇರಿ ಕಿಟಕಿ ಮುಂದೆ ನಿಲ್ಲುವವಳು ಅವಳೇ.

ಈಗ ಆ "ಏನೋ ಪ್ರಬಂಧ"ಕ್ಕೆ ಬರೋಣ. ನಾಲ್ಕನೇ ವರ್ಷದ ತಿರುಳೇ ಅದು. ಮೊದಲ ಆರು ಸೆಮಿಸ್ಟರಿನಲ್ಲಿ ಶೇ 75 ತೆಗೆದವರು ಸಂಶೋಧನೆಯ ಆನರ್ಸ್ ತೆಗೆದುಕೊಳ್ಳಬಹುದು. ಅದರಲ್ಲಿ ಪ್ರಬಂಧಕ್ಕೇ 12 ಕ್ರೆಡಿಟ್. ಕೊನೆಗೂ ಶೇ 75 ಉಳಿಸಿಕೊಂಡರೆ ಎಂ.ಎ. ಇಲ್ಲದೆಯೇ ಪಿಎಚ್.ಡಿ. ಪ್ರವೇಶಕ್ಕೆ ಅರ್ಹತೆ ಸಿಗುತ್ತದೆ. ಅವಳ 78 ಈಗ ಸಾಕು, ಆದರೆ ಕೈಯಲ್ಲಿರುವುದು ಮೂರೇ ಅಂಕ.

ಎಷ್ಟೋ ಮಕ್ಕಳು "ಜಾಗತೀಕರಣ ಮತ್ತು ಭಾರತ" ಅಂತ ವಿಷಯ ಹಿಡಿದು ಅಲ್ಲಿಂದ ಇಲ್ಲಿಂದ ನಕಲು ಮಾಡುತ್ತಾರೆ. ಓದುವ ಗೈಡಿಗೂ ನಿದ್ದೆ. ನನ್ನ ಮಾತು ಕೇಳಿದರೆ, ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರುವಷ್ಟು ದೂರದ ವಿಷಯ ಸಾಕು. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳಿವೆ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಮಗ್ಗಗಳಿವೆ. ಅಷ್ಟು ದೂರ ಯಾಕೆ, ನಿಮ್ಮ ಊರನ್ನೇ ಎಣ್ಣೆ ನಗರಿ ಅಂತಿದ್ದರಲ್ಲ! ಮಿಲ್ಲುಗಳು ಯಾಕೆ ಮುಚ್ಚಿದವು? ಹೊರಗಿಂದ ಬಂದ ಪಾಮ್ ಎಣ್ಣೆಯಿಂದಲಾ, ಮಳೆ ಕೈಕೊಟ್ಟು ಶೇಂಗಾ ಕಮ್ಮಿಯಾಗಿದ್ದರಿಂದಲಾ, ಸಾಲದಿಂದಲಾ? ಟೀ ಅಂಗಡಿಯಲ್ಲಿ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ. ಅಂಕಿ ಇಟ್ಟು ಹೇಳುವವರು ಬೇಕು. ಎಪಿಎಂಸಿಯಲ್ಲಿ ಆವಕದ ಲೆಕ್ಕ ಕೇಳಲಿ. ಹಳೇ ಮಾಲೀಕರು, ಹಮಾಲರು, ರೈತರು ಸೇರಿ ಮೂವತ್ತು ಜನರನ್ನು ಮಾತಾಡಿಸಲಿ. ಮೊದಲ ಸಂದರ್ಶನ ಮನೆಯಲ್ಲೇ ಆಗುತ್ತದೆ, ನಿಮ್ಮ ಜೊತೆ.

ಆ ಮಿಲ್ಲಿನ ಹಳೇ ಲೆಕ್ಕದ ಪುಸ್ತಕ ನಿಮ್ಮ ಹತ್ತಿರ ಏನಾದರೂ ಉಳಿದಿದ್ದರೆ, ದಯವಿಟ್ಟು ರದ್ದಿಗೆ ಹಾಕಬೇಡಿ.

— ಸಂಪಾದಕ