ಜ್ವರ ಅಂತ ಸೇರಿಸಿದರೆ "ಎರಡು ವಾರದ ಹಿಂದೆ ಅಜ್ಜಿ ಹೇಗಿದ್ರು?" ಅಂತ ಯಾಕೆ ಕೇಳುತ್ತಾರೆ?

ನಿಮ್ಮ ಅಜ್ಜಿಗೆ 76 ವರ್ಷ, ಫ್ಲೂ ಆಗಿ ಕೊಪ್ಪಳದಲ್ಲಿ ಅಡ್ಮಿಟ್ ಆಗಿದ್ದಾರೆ. ಡಾಕ್ಟರ್ "ಸ್ನಾನ ತಾವೇ ಮಾಡ್ತಿದ್ರಾ, ಸಂತೆಗೆ ಹೋಗ್ತಿದ್ರಾ" ಅಂತೆಲ್ಲ ಕೇಳಿ ಕೇಸ್ ಶೀಟಿನಲ್ಲಿ 5 ಅಂತ ಬರೆದರು. ಆ ನಂಬರ್ ನೋಡಿ ಐಸಿಯು ಕೊಡಲ್ವೇನೋ ಅನ್ನೋದು ನಿಮ್ಮ ಭಯ, ಅಲ್ವಾ? ನಾನು ಇದೇ ಜಿಲ್ಲೆಯಲ್ಲಿ ವಾರ್ಡ್ ನರ್ಸ್. ಈ ಪ್ರಶ್ನೆಗಳನ್ನು ನಾನೂ ಕೇಳುತ್ತೇನೆ.

ಅದು ಬಹುಶಃ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್, ಅಂದರೆ ವಯಸ್ಸಾದವರು ಎಷ್ಟು ಗಟ್ಟಿ ಇದ್ದಾರೆ, ಎಷ್ಟು ಸೊರಗಿದ್ದಾರೆ ಅಂತ ಅಳೆಯುವ ಪಟ್ಟಿ. ಕೆನಡಾದ ವೈದ್ಯರು 2005ರಲ್ಲಿ ಪ್ರಕಟಿಸಿದ್ದು. ಈಗ ಅದರಲ್ಲಿ 1ರಿಂದ 9ರವರೆಗೆ ಅಂಕಗಳಿವೆ. 1 ಅಂದರೆ ಗಟ್ಟಿಮುಟ್ಟು. 5 ಅಂದರೆ ಹಣಕಾಸು, ಓಡಾಟ, ಭಾರದ ಮನೆಗೆಲಸಕ್ಕೆ ಯಾರಾದರೂ ಜೊತೆ ಬೇಕು. 6ಕ್ಕೆ ಬಂದರೆ ಸ್ನಾನಕ್ಕೂ ನೆರವು ಬೇಕಾಗಬಹುದು. 2020ರಲ್ಲಿ ಬ್ರಿಟನ್ ಮತ್ತು ಇಟಲಿಯ ಆಸ್ಪತ್ರೆಗಳಲ್ಲಿ 1,500ಕ್ಕೂ ಹೆಚ್ಚು ಕೋವಿಡ್ ರೋಗಿಗಳನ್ನು ನೋಡಿದಾಗ, ಯಾರು ಚೇತರಿಸಿಕೊಳ್ಳುತ್ತಾರೆ ಅನ್ನೋದನ್ನು ವಯಸ್ಸಿಗಿಂತ ಈ ಅಂಕವೇ ಚೆನ್ನಾಗಿ ಹೇಳಿತ್ತು.

ಜ್ವರದ ದಿನ ಯಾರನ್ನು ನೋಡಿದರೂ ನಿತ್ರಾಣವೇ. ಅದಕ್ಕೇ ಎರಡು ವಾರದ ಹಿಂದಿನ ಸ್ಥಿತಿ ಕೇಳೋದು. ನಮ್ಮ ಕಡೆ ಉತ್ತರ ಹಳಿ ತಪ್ಪೋದೂ ಇಲ್ಲೇ. "ಅಜ್ಜಿ ಅಡುಗೆ ಮಾಡ್ತಾರಾ?" ಅಂದರೆ ಮೊಮ್ಮಗ "ಇಲ್ಲ ಸಿಸ್ಟರ್" ಅಂತಾನೆ. ಸೊಸೆ ಇದ್ದಾಳೆ, ಅದಕ್ಕೆ ಮಾಡಲ್ಲ ಅಷ್ಟೇ. ಸೊಸೆ ತವರಿಗೆ ಹೋದರೆ ಅದೇ ಅಜ್ಜಿ ಕೂತು ಹತ್ತು ರೊಟ್ಟಿ ಬಡೀತಾರೆ. ಬ್ಯಾಂಕಿಗೆ ಜೀವಮಾನದಲ್ಲೇ ಹೋಗದವರನ್ನು "ಬ್ಯಾಂಕ್ ಕೆಲಸ ಆಗಲ್ಲ" ಅಂತ ಬರೆದರೆ ಅನ್ಯಾಯ. ಹಾಗಾಗಿ ಡಾಕ್ಟರಿಗೆ ಬಿಡಿಸಿ ಹೇಳಿ: ಗುಡಿತನಕ ಒಬ್ಬರೇ ನಡೀತಿದ್ರಾ, ಮಾತ್ರೆ ನೆನಪಿಟ್ಟು ತಗೋತಿದ್ರಾ, ಪಿಂಚಣಿ ದುಡ್ಡು ಎಣಿಸಿಕೊಳ್ತಿದ್ರಾ, ಬಚ್ಚಲಿಗೆ ಹೋಗಲು ಕೈ ಹಿಡೀಬೇಕಿತ್ತಾ. ಜಾಸ್ತಿಯೂ ಹೇಳಬೇಡಿ, ಕಮ್ಮಿಯೂ ಹೇಳಬೇಡಿ. ನಿಮ್ಮ ಮಾತು ಕೇಳಿ 5 ತಪ್ಪು ಅನ್ನಿಸಿದರೆ ಅವರು ತಿದ್ದಬಹುದು.

ಇನ್ನು ಐಸಿಯು ವಿಷಯ. ಈ ಒಂದು ನಂಬರ್ ನೋಡಿ ಚಿಕಿತ್ಸೆ ನಿಲ್ಲಿಸೋದು ಸರಿಯಲ್ಲ, ನಾನು ಖಂಡಿತ ಒಪ್ಪಲ್ಲ. ಕಾಯಿಲೆ ಎಷ್ಟು ಜೋರಾಗಿದೆ, ಅಜ್ಜಿಗೆ ಏನು ಬೇಕು, ಎರಡನ್ನೂ ನೋಡಬೇಕು. ಬ್ರಿಟನ್ನಿನಲ್ಲೂ 2020ರ ಮಾರ್ಚ್‌ನಲ್ಲಿ, ಕೋವಿಡ್ ಸಮಯದಲ್ಲಿ ಐಸಿಯು ನಿರ್ಧಾರಕ್ಕೆ ಈ ಅಂಕವನ್ನೂ ನೋಡಿ ಅಂತ ಸೂಚನೆ ಹೊರಡಿಸಿ, ಕೆಲವೇ ದಿನಗಳಲ್ಲಿ ತಿದ್ದಬೇಕಾಯಿತು: 65ಕ್ಕಿಂತ ಚಿಕ್ಕವರಿಗೆ, ಬಹುಕಾಲದಿಂದ ಅಂಗವೈಕಲ್ಯ ಇರುವವರಿಗೆ ಇದನ್ನು ಬಳಸಬೇಡಿ ಅಂತ. "ಈ 5ರಿಂದ ಅಜ್ಜಿಯ ಚಿಕಿತ್ಸೆಯಲ್ಲಿ ಏನು ಬದಲಾಗುತ್ತೆ?" ಅಂತ ಡಾಕ್ಟರನ್ನೇ ನೇರ ಕೇಳಿ. ಅದು ನಿಮ್ಮ ಹಕ್ಕು.

ನಮಗಂತೂ ಆ ನಂಬರ್ ಬಹಳ ಉಪಯೋಗಕ್ಕೆ ಬರುತ್ತೆ. ಯಾರು ಬೀಳಬಹುದು, ಯಾರನ್ನು ಬೇಗ ಎಬ್ಬಿಸಿ ನಡೆಸಬೇಕು ಅಂತ ಗೊತ್ತಾಗುತ್ತೆ. ಮಲಗಿದಲ್ಲೇ ಇದ್ದರೆ ವಯಸ್ಸಾದವರ ಕಾಲಿನ ಶಕ್ತಿ ಬೇಗ ಇಳಿಯುತ್ತೆ. ಡಾಕ್ಟರ್ ಸರಿ ಅಂದರೆ ಊಟಕ್ಕೆ ಎಬ್ಬಿಸಿ ಕೂರಿಸಿ. ಕನ್ನಡಕ, ಕಿವಿಯ ಮಷಿನ್ ಇದ್ದರೆ ಇವತ್ತೇ ಮನೆಯಿಂದ ತನ್ನಿ. ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ, ಮಂಪರಾಗಿ ಮಲಗಿದರೆ "ವಯಸ್ಸಾಯ್ತಲ್ಲ" ಅಂತ ಸುಮ್ನೆ ಬಿಡಬೇಡಿ. ಸೋಂಕು ಹೆಚ್ಚಾಗಿರಬಹುದು. ರಾತ್ರಿಯಾದರೂ ಸರಿ, ಡ್ಯೂಟಿ ಸಿಸ್ಟರನ್ನು ಕರೆಯಿರಿ.